ಟಿಕೆಟ್ ಇಲ್ಲದೆ ಬಂದ ಮುತ್ತಿನ ಕಿರೀಟ

"ಅಮ್ಮಾ, ಒಪ್ಪಿಬಿಟ್ರು! ಯೂ-ವೆನ್ ಅಪ್ಪ ಮದ್ವೆಗೆ ಒಪ್ಪಿಬಿಟ್ರು! ಆದ್ರೆ ಚಿನ್ನ ಬೇಡ್ವಂತೆ, ದುಡ್ಡು ಬೇಡ್ವಂತೆ, ನನ್ನ ಮೀನಿನ ತೊಟ್ಟೀಲಿ ಇದೆಯಲ್ಲ ಆ ಜಂತು, ಅದು ಬೇಕಂತೆ!"

ಮೊಟ್ಟೆ ದೋಸೆ ಮಗುಚ್ತಿದ್ದ ಅಮ್ಮ ಸಟ್ಟುಗ ಗಾಳೀಲಿ ಹಿಡ್ಕೊಂಡು ಹಾಗೇ ನಿಂತ್ಬಿಟ್ಲು. ದೋಸೆ ಕರಕಲಾಯ್ತು. ನಾಷ್ಟಾ ಅಂಗಡೀಲಿ ಸೋಯಾ ಹಾಲು ಹೀರ್ತಾ ಕೂತಿದ್ದೋರೆಲ್ಲ ಹೀರೋದು ನಿಲ್ಸಿದ್ರು.

"ಯಾವ ಜಂತೋ?"

"ಅದೇ ಅಮ್ಮ, ಕಲ್ಲಿನ ಮೇಲೆ ಎದ್ದಿದೆಯಲ್ಲ, ಬೆರಳುದ್ದದ ತೆಂಗಿನ ಮರದ ಥರ."

"ಅದನ್ನ ತಿಂತಾರಾ?" ಅಂದ್ರು ಪಕ್ಕದ್ಮನೆ ಲ್ವೋ ಆಂಟಿ. ಕಾವ್‌ಶುಂಗ್ ಬಂದರಲ್ಲಿ ಸಮುದ್ರದಿಂದ ಏನೇ ಎದ್ದು ಬಂದ್ರೂ ಮೊದಲ ಪ್ರಶ್ನೆ ಇದೇ. ಎರಡನೇ ಪ್ರಶ್ನೆ, ಶುಂಠಿ ಹಾಕ್ಬೇಕಾ, ಬೆಳ್ಳುಳ್ಳಿ ಹಾಕ್ಬೇಕಾ.

"ತಿನ್ನೋದಲ್ಲ ಆಂಟಿ! ಅದರ ಹೆಸ್ರು ಮುತ್ತಿನ ಕಿರೀಟ. ಭಾರಿ ಅಪರೂಪದ್ದಂತೆ. ನಿಶ್ಚಿತಾರ್ಥದ ದಿನ ಅದನ್ನ ತಗೊಂಡು ಬಾ, ನಮ್ಮ ಹವಳ ಬಳಗದ ಎಲ್ಲರ ಎದುರಿಗೇ ನನ್ನ ತೊಟ್ಟಿಗೆ ಬಿಡು ಅಂದ್ರು."

ಅಮ್ಮ ಇದ್ಯಾವುದನ್ನೂ ಕಿವಿಗೆ ಹಾಕ್ಕೊಳ್ಲಿಲ್ಲ. "ತಟ್ಟೆ ಎಷ್ಟಂತೆ? ಆರಾ, ಹನ್ನೆರಡಾ?"

ಗಂಡಿನ ಕಡೆಯವರು ಕೆಂಪು ತಟ್ಟೇಲಿ ಕಾಣಿಕೆ ಹೊತ್ಕೊಂಡು ಹೋಗೋದು. ಸಾಧಾರಣಕ್ಕೆ ಆರು ತಟ್ಟೆ, ಜಂಬಕ್ಕೆ ಹನ್ನೆರಡು.

"ಅದು... ಕೇಳ್ಲಿಲ್ಲ."

"ಕೇಳ್ಬೇಕಾದ್ದೇ ಅದು! ದಿನಾ ಬೆಳಗಾದ್ರೆ ಊರೋರ ಮದ್ವೆ ರಿಜಿಸ್ಟರ್ ಮಾಡ್ತೀಯ, ನಿನ್ನ ಮದ್ವೆ ಅಂದ್ರೆ ಮಾತ್ರ ಬಾಯಲ್ಲಿ ಅಕ್ಕಿಉಂಡೆ ಸಿಕ್ಕಾಕ್ಕೊಳತ್ತೆ!"

ನಿಜ. ನಮ್ಮ ಆ-ಕುನ್, ಪೂರ್ತಿ ಹೆಸರು ತೂ ಕುನ್-ಯಾವ್, ಜನನ-ಮರಣ-ಮದುವೆ ನೋಂದಣಿ ಕಚೇರೀಲಿ ಗುಮಾಸ್ತ. ಅವನ ಕೌಂಟರಿಗೆ ಜೋಡಿ ಜೋಡಿ ಬಂದು ಸೈನ್ ಹಾಕಿ, ಗೋಡೆಗಂಟಿಸಿದ ಕಾಗದದ ಹೃದಯದ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸ್ಕೊಂಡು ಹೋಗ್ತಾವೆ. ಫೋಟೋ ತೆಗೆಯೋನೂ ಇವನೇ. ಮದ್ವೆ ಆಗದೇ ಉಳಿದೋನೂ ಇವನೇ.

ಈ ಜಂತಿನ ಕಥೆ ಶುರುವಾಗಿದ್ದು ಒಂದು ಪುಟ್ಟ ಸುಳ್ಳಿಂದ. ಯೂ-ವೆನ್ ಮೊದಲ ಸಲ ಅವನನ್ನ ಮನೆಗೆ ಕರ್ಕೊಂಡು ಹೋದಾಗ ಅವಳಪ್ಪ ಚಿಯೆನ್ ಮೇಷ್ಟ್ರು, ರಿಟೈರ್ಡ್ ಪಿ.ಟಿ. ಮೇಷ್ಟ್ರು, ಕುತ್ತಿಗೇಲಿ ಈಗ್ಲೂ ಸೀಟಿ ನೇತಾಕ್ಕೊಂಡಿರೋರು, "ಹವ್ಯಾಸ ಏನಪ್ಪಾ?" ಅಂತ ಕೇಳಿದ್ರು. ಆ-ಕುನ್‌ಗೆ ಇದ್ದ ಒಂದೇ ಹವ್ಯಾಸ ನಿದ್ದೆ. ಮೇಷ್ಟ್ರ ಬೆನ್ನ ಹಿಂದೆ ಗೋಡೆಯಷ್ಟಗಲ ಸಮುದ್ರದ ತೊಟ್ಟಿ, ನೇರಳೆ, ಹಸಿರು, ಕಿತ್ತಳೆ ಬಣ್ಣದ ಹವಳ, ಮಧ್ಯೆ ರಾಜನ ಥರ ಓಡಾಡೋ ಮೀನು. ಅದನ್ನ ನೋಡ್ತಾ ನೋಡ್ತಾ ಇವನ ಬಾಯಿಂದ ತಂತಾನೇ ಬಂತು: "ನಾನೂ ಹವಳ ಸಾಕ್ತೀನಿ ಮೇಷ್ಟ್ರೇ."

ಅಲ್ಲಿವರೆಗೂ ಸಮುದ್ರಕ್ಕೂ ಅವನಿಗೂ ಇದ್ದ ಸಂಬಂಧ ಅಂದ್ರೆ ರಾತ್ರಿ ಪೇಟೆಯ ಸಿಂಪಿ ಆಮ್ಲೆಟ್ಟು.

ಸುಳ್ಳನ್ನ ನಿಜ ಮಾಡ್ಬೇಕಲ್ಲ? ಮಾರನೇ ದಿನವೇ ತೊಟ್ಟಿ ಬಂತು, ಪಂಪು ಬಂತು, ಉಪ್ಪಿನ ಮೂಟೆ ಬಂತು. ಟಿವಿ ಇದ್ದ ಜಾಗದಲ್ಲಿ ತೊಟ್ಟಿ ಕೂತ್ಕೊಳ್ತು. ಟಿವಿ ಬಚ್ಚಲ ಪಕ್ಕಕ್ಕೆ ಹೋಯ್ತು. ಅಮ್ಮ ಎರಡು ದಿನ ಮಾತು ಬಿಟ್ಲು. ಮೂರನೇ ದಿನ ಧಾರಾವಾಹಿ ಹೊತ್ತಿಗೆ ತೊಟ್ಟಿ ಮುಂದೇ ಕುರ್ಚಿ ಹಾಕ್ಕೊಂಡು ಕೂತು, "ಆ ಏಡಿ ಅತ್ತೆ ಇದ್ದಹಾಗಿದೆ ಕಣೋ, ಬಸವನಹುಳೂನ ಒಂದು ನಿಮಿಷ ಕೂರಕ್ಕೆ ಬಿಡಲ್ಲ" ಅನ್ನೋಕೆ ಶುರು ಮಾಡಿದ್ಲು.

ಏಡೀನ ಅವನು ಕೊಂಡು ತಂದಿರ್ಲಿಲ್ಲ. ಬಸವನಹುಳೂನೂ ತಂದಿರ್ಲಿಲ್ಲ. ಅಂಗಡಿಯಿಂದ ತಂದಿದ್ದು ಒಂದು ಸಮುದ್ರದ ಕಲ್ಲು ಅಷ್ಟೇ. ಆ ಕಲ್ಲಿನ ತೂತುಗಳಲ್ಲಿ ಬಚ್ಚಿಟ್ಕೊಂಡು ಟಿಕೆಟ್ ಇಲ್ಲದೆ ಬಂದ ಪ್ರಯಾಣಿಕರು ಇವರೆಲ್ಲ. ದಿನಕ್ಕೊಂದು ಹೊಸ ಮುಖ. ಒಂದಿನ ಮೀಸೆ ಕಾಣತ್ತೆ, ಒಂದಿನ ಬಾಲ ಕಾಣತ್ತೆ, ಒಂದಿನ ಏನೋ ಒಂದು ಇವನನ್ನೇ ದಿಟ್ಟಿಸಿ ನೋಡಿ ಒಳಗೆ ಹೋಗತ್ತೆ. ನೋಂದಣಿ ಕಚೇರೀಲಿ ಗುರುತಿನ ಚೀಟಿ ಇಲ್ಲದೋರನ್ನ ಒಳಗೇ ಬಿಡದ ಮನುಷ್ಯ, ಸ್ವಂತ ಮನೇಲಿ ಯಾರ್ಯಾರು ಇದಾರೆ ಅಂತ ಗೊತ್ತಿಲ್ಲದೆ ಬದುಕ್ತಿದ್ದ.

ಗುರುತು ಹಿಡಿಯೋಕೆ ಅಂತಲೇ ಮೇಷ್ಟ್ರ ಹವಳ ಬಳಗ ಇತ್ತು, ಫೋನಲ್ಲಿ. ಯಾರಾದ್ರೂ ಗೊತ್ತಿಲ್ಲದ ಜಂತಿನ ಫೋಟೋ ಹಾಕ್ತಾರೆ, ಮೇಷ್ಟ್ರು ಹೆಸರು ಹೇಳ್ತಾರೆ, ಉಳಿದೋರೆಲ್ಲ ಕೈ ಮುಗಿಯೋ ಕರಡಿ ಚಿತ್ರ ಕಳಿಸ್ತಾರೆ. ಮುಗೀತು. ಮೇಷ್ಟ್ರು ಹೇಳಿದ ಮೇಲೆ ಅದರಪ್ಪ ಅಮ್ಮ ಬಂದು ಬೇರೆ ಹೆಸರು ಹೇಳಿದ್ರೂ ನಡೆಯಲ್ಲ.

ಆ-ಕುನ್ ತನ್ನ ಪುಟಾಣಿ ತೆಂಗಿನ ಮರದ ಫೋಟೋ ಹಾಕ್ದ. ಅಮ್ಮನ ಅಂಗಡಿ ಹಬೆ ಕೂತು ಕ್ಯಾಮೆರಾ ಕಣ್ಣು ಮಂಜಾಗಿತ್ತು. ಆ ಫೋಟೋದಲ್ಲಿ ಅದು ಜಂತೂ ಆಗಿರ್ಬಹುದಿತ್ತು, ಲ್ವೋ ಆಂಟಿ ತಲೆಗೂದಲೂ ಆಗಿರ್ಬಹುದಿತ್ತು. ಮೇಷ್ಟ್ರು ಮಾತ್ರ ತಕ್ಷಣ ಬರೆದ್ರು: "ಮುತ್ತಿನ ಕಿರೀಟ! ನನ್ನ ಜೀವಮಾನದಲ್ಲಿ ಇಷ್ಟು ಒಳ್ಳೇದು ನೋಡಿಲ್ಲ!" ಕರಡಿಗಳು ಸಾಲಾಗಿ ಕೈ ಮುಗಿದ್ವು. ಮಾರನೇ ಬೆಳಿಗ್ಗೆ ಮದ್ವೆಗೆ ಒಪ್ಪಿಗೆ ಬಂತು.

ಇಷ್ಟಕ್ಕೆ ಸುಮ್ಮನಿದ್ದಿದ್ರೆ ಅವನು ಆ-ಕುನ್ ಆಗ್ತಿರ್ಲಿಲ್ಲ. ಮುತ್ತಿನ ಕಿರೀಟಕ್ಕೆ ಏನು ತಿನ್ನಿಸ್ಬೇಕು ಅಂತ ತಿಳ್ಕೊಳ್ಳೋಕೆ ಉತ್ತರದ ಕಡೆಯವರ ಇನ್ನೊಂದು ಬಳಗಕ್ಕೆ ಸುಳ್ಳು ಹೆಸರಲ್ಲಿ ಸೇರ್ಕೊಂಡ, ಕ್ಯಾಮೆರಾ ಒರೆಸಿ ಒಳ್ಳೇ ಫೋಟೋ ಹಾಕ್ದ, "ನನ್ನ ಫ್ರೆಂಡಿನ ತೊಟ್ಟೀಲಿ ಮುತ್ತಿನ ಕಿರೀಟ ಇದೆ, ಏನು ತಿನ್ನಿಸ್ಬೇಕು?" ಅಂತ ಬರೆದ.

ಉತ್ತರಗಳು ಆಲಿಕಲ್ಲಿನ ಹಾಗೆ ಬಿದ್ವು.

"ನಿನ್ನ ಫ್ರೆಂಡಿಗೆ ನಮ್ಮ ಸಂತಾಪ."

"ಇದು ಕಳೆ ಕಣಪ್ಪಾ! ಗಾಜು ಕಳೆ! ಒಂದಿದ್ರೆ ನೂರಾಗತ್ತೆ, ಪಕ್ಕದ ಹವಳನೆಲ್ಲ ಕುಟುಕಿ ಸಾಯಿಸತ್ತೆ."

"ಮುತ್ತಿನ ಕಿರೀಟ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟ? ಅವರ ಕಾಲಿಗೆ ಬೀಳ್ಬೇಕು."

ಆ-ಕುನ್ ಫೋನ್ ಕೆಳಗಿಟ್ಟ. ಎದ್ದೋನೇ ಅಮ್ಮನ ಈರುಳ್ಳಿ ಸೊಪ್ಪಿನ ಕತ್ತರಿ ತಂದು ತೊಟ್ಟಿಗೆ ಕೈ ಇಳಿಸಿ ಕಿರೀಟಾನ ಚಕ್ ಚಕ್ ಅಂತ ಚೂರು ಚೂರು ಮಾಡ್ದ. ಕೈ ಒರೆಸ್ಕೊಂಡು ಫೋನ್ ನೋಡಿದ್ರೆ ಹೊಸ ಉತ್ತರ ಬಂದಿತ್ತು: "ಏನು ಬೇಕಾದ್ರೂ ಮಾಡು, ಕತ್ತರಿಸೋಕೆ ಮಾತ್ರ ಹೋಗ್ಬೇಡ. ಒಂದೊಂದು ಚೂರೂ ಒಂದೊಂದು ಗಿಡ ಆಗತ್ತೆ."

ಅವನು ಯೂ-ವೆನ್‌ಗೆ ಫೋನ್ ಮಾಡ್ದ.

"ನಿಮ್ಮಪ್ಪಂಗೆ ಹೇಳ್ಬಿಡ್ತೀನಿ ಕಣೆ. ಇದು ಕಳೆ ಅಂತ. ಅವರ ತೊಟ್ಟಿ ಹಾಳಾಗ್ಬಾರ್ದು."

"ಹೇಳು ಹೇಳು. ಬಳಗದಲ್ಲೊಬ್ರು ಹಲ್ಲಿನ ಡಾಕ್ಟ್ರಿದ್ರು, ಗೊತ್ತಾ? ಅಪ್ಪ ಹೇಳಿದ ಹೆಸ್ರು ತಪ್ಪು ಅಂತ ಒಂದೇ ಒಂದ್ಸಲ ಹೇಳಿದ್ರು."

"ಆಮೇಲೆ?"

"ಈಗ ಒಬ್ಬರೇ ಕೂತ್ಕೊಂಡು ಸಿಹಿನೀರಲ್ಲಿ ಗಪ್ಪಿ ಮೀನು ಸಾಕ್ತಿದಾರೆ."

"ಹಾಗಾದ್ರೆ ಹೇಳಲ್ಲ. ತಂದು ಬಿಟ್ಬಿಡ್ತೀನಿ."

"ಬಿಡು. ತೊಟ್ಟಿ ಹಾಳಾದ್ಮೇಲೆ ಅಪ್ಪ ನಿನ್ನನ್ನ ಬಿಡ್ತಾರಾ? ಉಪ್ಪು ನೀರು ಅಂದ್ರೆ ನೂಡಲ್ಸ್ ಸಾರು ಅಂದ್ಕೊಂಡಿದ್ದೋನು ನೀನು, ನಿಂಗ್ಯಾಕೋ ಬೇಕಿತ್ತು ಹವಳ? ನಿದ್ದೆ ನನ್ನ ಹವ್ಯಾಸ ಅಂದಿದ್ರೆ ಅಪ್ಪ ಬೈದು ಸುಮ್ಮನಾಗ್ತಿದ್ರು. ನಾನು ಹೇಗೂ ನಿನ್ನನ್ನೇ ಕಟ್ಕೊಳ್ತಿದ್ದೆ."

"ಈಗ?"

"ಈಗ ನೀನೇ ಏನಾದ್ರೂ ಮಾಡು. ನಾನು ಸೀರಿಯಸ್ಸಾಗಿ ಹೇಳ್ತಿದೀನಿ, ಗಪ್ಪಿ ಸಾಕೋನನ್ನ ನಮ್ಮಪ್ಪ ಮನೆ ಮೆಟ್ಟಿಲು ಹತ್ಸಲ್ಲ."

ಇವನು ಏನಾದ್ರೂ ಮಾಡೋಕೆ ಮುಂಚೆ ಕಳೆಯೇ ಮಾಡ್ತು. ವಾರ ತುಂಬೋದ್ರೊಳಗೆ ಕಲ್ಲಿನ ಮೇಲೆಲ್ಲ ಪುಟ್ಟ ಪುಟ್ಟ ತೆಂಗಿನ ತೋಪು. ಮೊದಲು ನೋಡಿದ್ದು ಅಮ್ಮ. ಕುರ್ಚಿ ಬಿಟ್ಟು ಎದ್ದು ಬೀದಿಗೇ ಓಡಿದ್ಲು.

"ಲ್ವೋ! ಏ ಲ್ವೋ! ಕಿರೀಟ ಮರಿ ಹಾಕಿದೆ ಬಾರೇ!"

ನಿಶ್ಚಿತಾರ್ಥಕ್ಕೆ ಮುಂಚೆ ಮನೇಲಿ ಏನಾದ್ರೂ ಒಂದಕ್ಕೆ ಹತ್ತಾದ್ರೆ ಅರ್ಥ ಒಂದೇ: ಮೊಮ್ಮಕ್ಕಳು. ಬೀದಿ ಹೆಂಗಸರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬಂದ್ರು. ಒಬ್ರು ಕಿತ್ತಳೆ ಹಣ್ಣು ತಂದ್ರು. ಮದ್ವೆಯಾಗಿ ಮಕ್ಕಳಾಗದ ಸೊಸೇನ ಇನ್ನೊಬ್ರು ಕರ್ಕೊಂಡು ಬಂದು ತೊಟ್ಟಿ ಗಾಜು ಮುಟ್ಟಿಸಿದ್ರು. ಲ್ವೋ ಆಂಟಿ ಅಮ್ಮನ ಕಿವೀಲಿ, "ನಂಗೂ ಒಂದು ಮರಿ ಕೊಡೇ, ಉಪ್ಪಿನಕಾಯಿ ಜಾಡೀಲಿ ಇಟ್ಕೋತೀನಿ" ಅಂದ್ರು.

"ಅಮ್ಮ, ಅದು ಒಳ್ಳೇದಲ್ಲಮ್ಮ" ಅಂದ ಆ-ಕುನ್.

"ಹುಟ್ಟೋ ಮಕ್ಕಳ ಬಗ್ಗೆ ಹಾಗನ್ಬಾರ್ದು!" ಅಂತ ಆರು ಹೆಂಗಸರು ಒಟ್ಟಿಗೇ ಗದರಿದ್ರು.

ಮಧ್ಯಾಹ್ನ ವಾರ್ಡ್ ಮುಖ್ಯಸ್ಥ ಪಾನ್ ಬಂದ್ರು. ಎದೆ ಮೇಲೂ ಬೆನ್ನ ಮೇಲೂ ತಮ್ಮ ಹೆಸರೇ ಬರೆಸಿದ ಹಳದಿ ಕೋಟು. ಸಾವಿಗೂ ಮದ್ವೆಗೂ ಅದೇ ಕೋಟಲ್ಲಿ ಎಲ್ಲರಿಗಿಂತ ಮುಂಚೆ ಬರೋದು ಅವರ ಹೆಗ್ಗಳಿಕೆ. ತೊಟ್ಟಿ ಪಕ್ಕ ನಿಂತು ಹೆಬ್ಬೆರಳೆತ್ತಿ ಫೋಟೋ ತೆಗೆಸ್ಕೊಂಡ್ರು. ಸ್ವಲ್ಪ ಹೊತ್ತಿಗೆ ಬೀದಿ ಕಂಬದ ಮೈಕು ಕರಕರ ಅಂತು:

"ಮಾನ್ಯ ನಿವಾಸಿಗಳೇ! ಮಂಗಳವಾರ ಡೆಂಗ್ಯೂ ಸೊಳ್ಳೆ ಔಷಧಿ ಹೊಡೀತಾರೆ, ಯಾರೂ ಮನೇಲಿ ನೀರು ನಿಲ್ಲಿಸ್ಕೊಳ್ಬೇಡಿ! ಇನ್ನೊಂದು ವಿಷಯ! ನಮ್ಮ ತೂ ಅವರ ಮನೆ ನಿಂತ ನೀರಲ್ಲಿ ಶುಭ ಕಿರೀಟ ಮರಿ ಹಾಕಿದೆ! ಎಲ್ಲರೂ ಬಂದು ನೋಡಿ! ಸಾಲಲ್ಲಿ ಬನ್ನಿ!"

ಸಾಲಲ್ಲಿ ಬಂದ್ರು. ಆ-ಕುನ್ ಹಿತ್ಲು ಬಾಗಿಲಿಂದ ಸ್ಕೂಟರ್ ತೆಗೆದು ಓಡಿ ಹೋದ.

ಓಡಿ ಹೋಗಿದ್ದು ಸಾಕೋ ಮೀನು ಮಾರೋ ಅಂಗಡಿಗೆ. ಉತ್ತರದ ಬಳಗದೋರು ಕೊನೇಲಿ ಒಂದು ಉಪಾಯ ಬರೆದಿದ್ರು: ಕೆಂಪು ಗೆರೆಯ ಪುಟ್ಟ ಸೀಗಡಿ ಬರತ್ತೆ, ಅದಕ್ಕೆ ಈ ಕಳೆ ಅಂದ್ರೆ ಪ್ರಾಣ, ಆದ್ರೆ ಹಸಿದಿದ್ರೆ ಮಾತ್ರ ಮೇಯತ್ತೆ. ಹೊಟ್ಟೆ ತುಂಬಿದ್ರೆ ತಿರುಗೂ ನೋಡಲ್ಲ. ಅವನು ಒಂದು ಜೋಡಿ ತಂದ. ಸಾಲು ಇನ್ನೂ ಕರಗಿರ್ಲಿಲ್ಲ. ಜನ ಹೋಗೋವರೆಗೂ ಇರ್ಲಿ ಅಂತ ನೀರು ತುಂಬಿದ ಪ್ಲಾಸ್ಟಿಕ್ ಚೀಲಾನ ಅಡುಗೆಮನೆ ಬೋಗುಣೀಲಿಟ್ಟು, ಬಂದೋರಿಗೆ ಚಹಾ ಕೊಡೋಕೆ ನಿಂತ.

ಕೊನೆಯವರು ಹೋದ್ಮೇಲೆ ಅಡುಗೆಮನೆಗೆ ಬಂದ್ರೆ ಶುಂಠಿ ಘಮಘಮ.

"ಅಮ್ಮ... ಚೀಲದಲ್ಲಿದ್ದ ಸೀಗಡಿ?"

"ಅದನ್ನ ಕೇಳ್ಬೇಕು ಅಂತಿದ್ದೆ ಕಣೋ. ಯಾವ ಖದೀಮ ಕೊಟ್ಟ ನಿಂಗೆ? ಬೆರಳ ತುದಿಯಷ್ಟಿಲ್ಲ, ಅದೂ ಎರಡೇ! ಹಬೇಲಿ ಬೇಯಿಸಿದ್ರೆ ಹಲ್ಲಿಗೂ ಸಿಗ್ಲಿಲ್ಲ. ಪಾಪ ಲ್ವೋ ಒಂದು ತಿಂದ್ಲು, ನಾನೊಂದು ತಿಂದೆ. ಮುಂದಿನ ಸಲ ನನ್ನ ಕರ್ಕೊಂಡು ಹೋಗು, ಸಂತೇಲಿ ಅಂಗೈಯಗಲದ್ದು ಕೊಡಿಸ್ತೀನಿ."

ಆ-ಕುನ್ ತೊಟ್ಟಿ ಮುಂದಿನ ಅಮ್ಮನ ಕುರ್ಚೀಲಿ ಕುಸಿದು ಕೂತ. ಕಳೆಗಳು ಕೈ ಬೀಸಿದ್ವು. ಗಾಜಲ್ಲಿ ತನ್ನ ಮುಖ ಕಾಣ್ತಿತ್ತು, ಇಂಗು ತಿಂದ ಮಂಗನ ಮುಖ. "ತೊಟ್ಟೀಲಿ ಗುರುತು ಸಿಗದ ಜಂತು ಅಂದ್ರೆ ನಾನೊಬ್ಬನೇ ಕಣಮ್ಮಾ" ಅಂದ.

"ಗುರುತು ಸಿಗದೇ ಏನು? ಹೆತ್ತೋಳು ನಾನಿಲ್ವಾ?" ಅಂದ್ಲು ಅಮ್ಮ, ಹಲ್ಲಿನ ಸಂದಿಂದ ಸೀಗಡಿ ಮೀಸೆ ತೆಗೀತಾ.

ನಿಶ್ಚಿತಾರ್ಥದ ಹಿಂದಿನ ದಿನ ಆ-ಕುನ್ ಅನಾನಸ್ ಕೇಕಿನ ಡಬ್ಬಿ ಹಿಡ್ಕೊಂಡು ಮೇಷ್ಟ್ರ ಮನೆಗೆ ಹೊರಟ. ಗಟ್ಟಿ ಮನಸ್ಸು ಮಾಡಿದ್ದ. ಹೇಳೇ ಬಿಡೋದು. ಏನಾಗತ್ತೆ? ಮೇಷ್ಟ್ರು ಸೀಟಿ ಊದ್ತಾರೆ, ಮದ್ವೆ ಮುರಿಯತ್ತೆ, ತಾನು ಮತ್ತೆ ಕೌಂಟರಲ್ಲಿ ಬೇರೆಯವರ ಫೋಟೋ ತೆಗೀತಾ ಮುದುಕ ಆಗ್ತಾನೆ. ಆದ್ರೆ ಅಷ್ಟು ಚೆಂದದ ತೊಟ್ಟಿ ತನ್ನಿಂದ ಸಾಯಲ್ಲ. ಹೆಣ್ಣು ಕೊಡೋ ಮನೆಗೆ ವಿಷ ತಗೊಂಡು ಹೋಗೋಕೆ ಅವನಿಗೆ ಮನಸ್ಸು ಬರ್ಲಿಲ್ಲ.

ಮೇಷ್ಟ್ರು ಚಹಾ ಸಾಮಾನು ಹರಡ್ಕೊಂಡೇ ಕೂತಿದ್ರು. ಪಕ್ಕದಲ್ಲಿ ಯೂ-ವೆನ್ ಕಲ್ಲಂಗಡಿ ಬೀಜ ಕಟ್ ಕಟ್ ಅಂತ ಕಡೀತಿದ್ಲು. ತೊಟ್ಟಿಯ ಎಡಗಡೆ ಅರ್ಧಕ್ಕೆ ಒಂದು ಕೆಂಪು ಬಟ್ಟೆ ಇಳಿಬಿದ್ದಿತ್ತು.

"ಅದೇನು ಮೇಷ್ಟ್ರೇ, ಬಟ್ಟೆ?"

"ನಾಳೆ ಶುಭಕಾರ್ಯ ಅಲ್ವಾ, ಕೆಂಪು ಒಳ್ಳೇದು. ಚಹಾ ಕುಡಿ."

ಹೆಬ್ಬೆರಳಷ್ಟು ಬಟ್ಟಲು. ಒಂದು ಗುಟುಕಿಗೆ ಖಾಲಿ. ಖಾಲಿ ಆಗಿದ್ದೇ ತಡ ಮತ್ತೆ ತುಂಬ್ತಾರೆ.

"ಮೇಷ್ಟ್ರೇ, ಆ ಕಿರೀಟದ ವಿಷಯ..."

"ಕುಡಿ ಕುಡಿ, ಆರೋಗತ್ತೆ."

"ಅದು ನಿಜವಾಗ್ಲೂ..."

"ಇದು ಬೆಟ್ಟದ ಚಹಾ. ಬಿಸಿ ಇದ್ದಾಗ್ಲೇ ಕುಡೀಬೇಕು."

ಹೀಗೇ ಹೊಟ್ಟೇಲಿ ಕೆರೆ ತುಂಬ್ತು, ಬಾಯಿಂದ ಮಾತ್ರ ಒಂದು ಹನಿ ಮಾತು ಹೊರಡ್ಲಿಲ್ಲ. ಮೇಷ್ಟ್ರು ಅವನ ಮುಖ ನೋಡೋ ರೀತಿ ಹೇಗಿತ್ತು ಅಂದ್ರೆ, ಓಟದ ಸ್ಪರ್ಧೇಲಿ ಸೀಟಿಗೆ ಮುಂಚೆ ಓಡೋಕೆ ಹೊಂಚು ಹಾಕ್ತಿರೋ ಹುಡುಗನ್ನ ನೋಡೋ ಹಾಗೆ. ಆ-ಕುನ್ ಧೈರ್ಯ ಎಲ್ಲ ಚಹಾ ಜೊತೆ ಕೆಳಗಿಳೀತು. ಗಟ್ಟಿಯಾಗಿ ಉಸಿರೆಳೆದು ಬಾಯಿ ತೆರೆದ. ಬಂದಿದ್ದು ಬೇರೇ ಮಾತು.

"ಮೇಷ್ಟ್ರೇ, ಮುತ್ತಿನ ಕಿರೀಟ ದೊಡ್ಡ ಮನೆತನದ್ದು ನೋಡಿ. ಆಳುಕಾಳು ಇಲ್ಲದೆ ಬರಲ್ಲ. ಅದರ ಜೊತೆ... ಕೆಂಪು ಗೆರೆ ಸೀಗಡಿ ಒಂದು ಜೋಡಿ ಕಳಿಸೋದು ವಾಡಿಕೆ. ಅದರ ಸೇವೆಗೆ."

ಬೀಜ ಕಡಿಯೋ ಸದ್ದು ನಿಂತ್ಹೋಯ್ತು.

ಮೇಷ್ಟ್ರ ಚಹಾ ಕೆಟಲ್ಲು ಗಾಳೀಲೇ ನಿಂತಿತು. "ಸೀಗಡಿ?" ಅಂದ್ರು ಮೆಲ್ಲಗೆ.

"ಹೂಂ."

"ಸೇವೆಗೆ."

"ಹೂಂ. ತುಂಬಾ... ಹತ್ರದಿಂದ ಸೇವೆ ಮಾಡತ್ತೆ."

ಮೇಷ್ಟ್ರು ಸ್ವಲ್ಪ ಮುಂದಕ್ಕೆ ಬಗ್ಗಿದ್ರು. "ಹಸಿದಿರತ್ತಾ?"

ಆ-ಕುನ್ ಕಣ್ಣು ಬಿಟ್ಟ. ಕಳೆ ಅಂತ ಗೊತ್ತಿಲ್ಲದೋರು ಹಸಿವಿನ ಮಾತು ಯಾಕೆ ಕೇಳ್ತಾರೆ?

"ಅಯ್ಯೋ, ಸಾಕಾಯ್ತು ನಿಮ್ಮಿಬ್ಬರ ನಾಟಕ!" ಅಂತ ಯೂ-ವೆನ್ ಎದ್ದು ಕೆಂಪು ಬಟ್ಟೇನ ಸರ್ರಂತ ಎಳೆದುಬಿಟ್ಲು.

ತೋಪಲ್ಲ, ಕಾಡು. ಎಡಗಡೆ ಅರ್ಧ ತೊಟ್ಟಿ ತುಂಬಾ ಗಾಜು ಕಳೆ, ಒಂದಕ್ಕೊಂದು ಅಂಟ್ಕೊಂಡು, ತಲೆ ಕೆದರ್ಕೊಂಡು ಓಲಾಡ್ತಿತ್ತು. ಮಧ್ಯೆ ಮೇಷ್ಟ್ರ ನೇರಳೆ ಹವಳ ಬಿಳಿಚ್ಕೊಂಡು ನಿಂತಿತ್ತು. ಅದನ್ನ ಬಳಗದೋರಿಗೆಲ್ಲ "ನನ್ನ ದೊಡ್ಡ ಮಗಳು" ಅಂತ ಪರಿಚಯ ಮಾಡ್ಕೊಡ್ತಿದ್ರು ಅವರು.

ಮೇಷ್ಟ್ರ ಕಿವಿ ಬಟ್ಟೆಗಿಂತ ಕೆಂಪಾಯ್ತು.

"ನೀನು ಮೊದಲ ಸಲ ಬಂದು ಹೋದ್ಮೇಲೆ ಶುರುವಾಗಿದ್ದಂತೆ, ಈ ಕಡೆ ದೀಪಾನೇ ಹಾಕ್ತಿರ್ಲಿಲ್ಲ" ಅಂದ್ಲು ಯೂ-ವೆನ್. "ಯಾರ ಹತ್ರ ಕೇಳ್ತಾರೆ? ಊರಿಗೆಲ್ಲ ಹೆಸರು ಹೇಳೋರು ಇವರೇ. ನಿನ್ನ ಫೋಟೋ ನೋಡ್ದಾಗ ಕುಣಿದುಬಿಟ್ರು. ಯಾಕೆ ಅಂತ ಇವತ್ತು ಬೆಳಿಗ್ಗೆ ಈ ಬಟ್ಟೆ ಕಟ್ಟುವಾಗ ಗೊತ್ತಾಯ್ತು ನಂಗೆ. ನಾಳೆ ಎಲ್ಲರ ಮುಂದೆ ನೀನು ತಂದು ಬಿಟ್ರೆ, ಇನ್ನೊಂದು ತಿಂಗಳಿಗೆ ಬಟ್ಟೆ ತೆಗೆದು, 'ಅಳಿಯ ತಂದಿದ್ದು, ಏನ್ಮಾಡ್ಲಿ' ಅನ್ನಬಹುದಲ್ಲ!"

ಪಿ.ಟಿ. ಮೇಷ್ಟ್ರು ನೆಲ ನೋಡಿದ್ರು. ಮೂವತ್ತು ವರ್ಷ ಮಕ್ಕಳಿಗೆ ಎದೆ ಎತ್ತಿ ನಿಲ್ಲೋದು ಕಲಿಸಿದ ಮನುಷ್ಯನ ಹೆಗಲು ಇಳಿದು ಹೋಗಿತ್ತು. ಆ-ಕುನ್ ಬಟ್ಟಲು ಕೆಳಗಿಟ್ಟ. ತಪ್ಪು ಹೆಸರು ಹೇಳ್ಕೊಂಡು ಸಿಕ್ಕಾಕ್ಕೊಳ್ಳೋದು ಏನು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಏ ಯೂ-ವೆನ್, ಹಾಗನ್ಬೇಡ. ಇದೆಲ್ಲ ನಾನು ತಂದಿದ್ದೇ."

"ನೀನಿನ್ನೂ ತಂದೇ ಇಲ್ವಲ್ಲೋ ಪೆದ್ದ!"

"ನಾಳೆ ತರ್ತೀನಲ್ಲ, ಅದೇ ಹರಡಿರೋದು" ಅಂದ ಆ-ಕುನ್, ನೋಂದಣಿ ಕಚೇರಿಯ ಗಂಭೀರ ದನಿಯಲ್ಲಿ. "ಮೇಷ್ಟ್ರೇ, ಬಳಗದೋರು ಕೇಳಿದ್ರೆ ನನ್ನ ಹೆಸರೇ ಹೇಳಿ. ನಂಗೇನು, ಹೋಗೋಕೆ ಮರ್ಯಾದೆನೇ ಇಲ್ಲ. ನಮ್ಮ ಬೀದೀಲಿ ಆಗ್ಲೇ ಮೈಕಲ್ಲಿ ಕೂಗಿಸ್ಕೊಂಡಿದೀನಿ, ತಂದ ಸೀಗಡೀನ ಅಮ್ಮ ಶುಂಠಿ ಹಾಕಿ ಬೇಯಿಸಿ ತಿಂದಿದಾಳೆ. ಇನ್ನೊಂದು ವಿಷಯ, ನಿಮ್ಮ ಹತ್ರ ಹವಳ ಸಾಕ್ತೀನಿ ಅಂದಿದ್ದು ಸುಳ್ಳು. ನಂಗಿರೋ ಹವ್ಯಾಸ ನಿದ್ದೆ ಒಂದೇ."

ಮೇಷ್ಟ್ರು ತಲೆ ಎತ್ತಿದ್ರು. ಕುತ್ತಿಗೆ ಸೀಟಿ ಹಿಡ್ಕೊಂಡ್ರು. ಊದ್ತಾರೆ ಅಂತ ಆ-ಕುನ್ ಕಣ್ಣು ಮುಚ್ಕೊಂಡ. ಊದ್ಲಿಲ್ಲ. ಬಟ್ಟಲು ತುಂಬಿದ್ರು, ಎರಡೂ ಕೈಯಲ್ಲಿ ಹಿಡಿದು ಕೊಟ್ರು.

"ಮೇಷ್ಟ್ರು ಅನ್ಬೇಡ ಇನ್ಮೇಲೆ. ಮಾವ ಅನ್ನು." ತಮಗೂ ಒಂದು ಬಟ್ಟಲು ಬಗ್ಗಿಸ್ಕೊಂಡ್ರು. "ಬಳಗದೋರಿಗೆ ಹೇಳ್ತೀನಿ, ಅಳಿಯ ರೋಗಾನೂ ತಂದ, ಮದ್ದೂ ತಂದ ಅಂತ."

"ಎರಡೂ ತಂದ, ಬುದ್ಧಿ ಒಂದು ಮನೇಲಿ ಬಿಟ್ಟು ಬಂದ" ಅಂದ್ಲು ಯೂ-ವೆನ್, ಮತ್ತೆ ಬೀಜ ಕಡೀತಾ. ಆದ್ರೆ ಅವಳ ಕಾಲು ಮೇಜಿನ ಕೆಳಗೆ ಆ-ಕುನ್ ಕಾಲಿನ ಮೇಲಿತ್ತು.

ಹೊರಡೋವಾಗ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಾ ಇದ್ದೋನಿಗೆ ಅಮ್ಮನ ಮುಖ ನೆನಪಾಯ್ತು.

"ಮಾವ, ಅಮ್ಮ ಕೇಳು ಅಂದಿದ್ಲು. ಆರಾ, ಹನ್ನೆರಡಾ?"

ಮೇಷ್ಟ್ರು ಒಂದ್ಸಲ ತಿರುಗಿ ತೊಟ್ಟಿಯ ಎಡಗಡೆ ನೋಡಿದ್ರು. ಮನಸ್ಸಲ್ಲೇ ಏನೋ ಲೆಕ್ಕ ಹಾಕಿದ್ರು.

"ತಟ್ಟೆ ಆರು ಸಾಕು. ಸೀಗಡಿ ಹನ್ನೆರಡು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಬಂದ್ಬಿಡಿ, ಬಳಗದೋರು ಹನ್ನೊಂದಕ್ಕೆ ಬರ್ತಾರೆ. ದಾರೀಲಿ ಅವಕ್ಕೆ ಏನೂ ತಿನ್ನಿಸ್ಬೇಡ." ಬಾಗಿಲು ಹಾಕೋಕೆ ಹೋದೋರು ಮತ್ತೆ ತೆಗೆದು ತಲೆ ಹೊರಗೆ ಹಾಕಿದ್ರು. "ಮತ್ತೆ, ಚೀಲ ನೀನೇ ಹಿಡ್ಕೋ. ನಿಮ್ಮಮ್ಮನ ಕೈಗೆ ಕೊಡ್ಬೇಡ."